ಕೊಟ್ರನ ಕೆಮ್ಮು

ಹೆಸರು ಪಿಂಜಾರ ಬುಡನ್ ಸಾಬ್.
ಬ್ಲೋ ರೂಮಿನ ಅರಳೆ ಧೂಳಲ್ಲಿ
ಹುಬ್ಬು, ಮೀಸೆ, ರೆಪ್ಪೆ ಬೆಳ್ಳಗೆ ಮಾಡಿಕೊಂಡು
ಮೂವತ್ತಕ್ಕೇ ಮುದುಕನಾಗಿ ಗಿರಣಿಯಿಂದ ಹೊರಬರುವವನು.
ನಲ್ಲಿಯ ಕೆಳಗೆ ತಲೆಯೊಡ್ಡಿದರೆ ಮತ್ತೆ ಹರೆಯ.
ಅದೇ ಅವನ ಮೊದಲ ನಾಟಕ, ಅಪ್ಪ ಹೇಳುತ್ತಿದ್ದ.

ಅಪ್ಪನದು ಚೌಕಿಪೇಟೆಯಲ್ಲಿ ರೇಡಿಯೊ ರಿಪೇರಿ.
ವಾಲ್ವು ಕಾಯುವ ತನಕ ಯಾರೂ ಮಾತಾಡಬಾರದು.
ಮೊದಲು ಹಸಿರು ಕಣ್ಣು, ಆಮೇಲೆ ಗೊರಗೊರ,
ಆಮೇಲೆ ಧಾರವಾಡ.
ಬುಧವಾರ ಏಳೂಕಾಲಿಗೆ ‘ಹೊಲಮನೆ ಹರಟೆ’,
ಅದರಲ್ಲಿ ಗೌಡರ ಆಳು ಕೊಟ್ರ.
ಕೊಟ್ರ ಅಂದರೆ ಬುಡನ್ ಸಾಬ್ ಎಂದು
ದಾವಣಗೆರೆಯಲ್ಲಿ ಗೊತ್ತಿದ್ದದ್ದು ಮೂರೇ ಮಂದಿಗೆ:
ಹೆಂಡತಿ ಮಾಬೂಬಿ, ರಜೆ ಕೊಡದ ಮೇಸ್ತ್ರಿ, ನಮ್ಮಪ್ಪ.

ಆ ಕೆಮ್ಮು ಯಾರೂ ಬರೆದದ್ದಲ್ಲ.
ಮೊದಲ ಸಲ ಕೆಂಪು ದೀಪ ಹತ್ತಿದಾಗ
‘ಗೌಡ್ರ, ನಿಮ್ಮ ಎಮ್ಮಿ...’ ಎಂಬಲ್ಲಿ
ಗಂಟಲಿಗೆ ಅರಳೆ ಸಿಕ್ಕಿತು.
ಗಾಜಿನಾಚೆ ಅಧಿಕಾರಿ ಹಣೆ ಹಿಡಿದುಕೊಂಡ.
ಇವನು ಕೆಮ್ಮಿ, ಕೆಮ್ಮಿ, ಉಸಿರೆಳೆದು,
‘ನೋಡ್ರಿ, ಹೆಸರು ತಗೊಂಡ್ರ ಸಾಕು, ಎದಿಗೇ ಒದೀತೈತಿ!’
ಆ ವಾರ ನೂರಾಹನ್ನೊಂದು ಕಾಗದ ಬಂದವಂತೆ.
ಅಲ್ಲಿಂದ ಸ್ಕ್ರಿಪ್ಟಿನಲ್ಲಿ ಕೆಂಪು ಶಾಯಿಯ ಬರಹ: ಕೆಮ್ಮು.
ಪುಟಕ್ಕೆ ಮೂರು.
ದೀಪಾವಳಿ ವಿಶೇಷಕ್ಕೆ ಒಂಬತ್ತು.
ಇಪ್ಪತ್ತೈದು ರೂಪಾಯಿ, ರೈಲಿನ ಖರ್ಚು ಬೇರೆ.

ಹರಿಹರದ ಸೇತುವೆ ಮೇಲೆ
ಕಿಟಕಿಯಿಂದ ತಲೆ ಹೊರಗೆ ಹಾಕಿ
ಇದ್ದಬದ್ದದ್ದನ್ನೆಲ್ಲ ಹೊಳೆಗೆ ಕೆಮ್ಮಿ,
ಸ್ಟುಡಿಯೊಗೆಂದು ಒಂದೆರಡು ಉಳಿಸಿಕೊಳ್ಳುವನು,
ಜೀರಿಗೆ ಡಬ್ಬಿಯಲ್ಲಿ ಮಾಬೂಬಿ ಚಿಲ್ಲರೆ ಉಳಿಸಿದ ಹಾಗೆ.

ಅವನಿಗೆ ಇದ್ದದ್ದು ಒಂದೇ ಕೊರಗು.
ನಗು ಕೇಳಿರಲಿಲ್ಲ.
ಸದ್ದು ನುಂಗುವ ಗೋಡೆ, ಮೈಕು, ಗಡಿಯಾರ;
ಓದಿ ಮುಗಿದ ಹಾಳೆ
ಸರಪರ ಅನ್ನದಂತೆ ಜಮಖಾನಕ್ಕೆ ಬಿಡುವ ಗೌಡರು.
ಮಾತು ಹೇಳಿ, ಎರಡೆಣಿಸಿ, ಮುಂದಿನ ಮಾತು.
ಆ ಎರಡರೊಳಗೆ ದಾವಣಗೆರೆ ನಗಬೇಕು,
ರಾಣೆಬೆನ್ನೂರು, ಗದಗ, ಹೊಸಪೇಟೆ ನಗಬೇಕು.
ರೈಲಿಳಿದವನು ನೇರ ಅಂಗಡಿಗೆ:
‘ಎಮ್ಮಿ ಮಾತಿಗೆ ಎಷ್ಟೊತ್ತು ನಕ್ರು, ಮಾಸ್ತರ?’
ಅಪ್ಪ ಬೆಸುಗೆ ಕಡ್ಡಿ ಕೆಳಗಿಟ್ಟು
ಎರಡು ಕೈಯಲ್ಲಿ ಅಳತೆ ತೋರಿಸುವನು. ಇಷ್ಟು.

ಆಮೇಲೆ ಟೇಪು ಬಂತು.
ಸೋಮವಾರ ಆಡಿದ್ದನ್ನು ಬುಧವಾರ ಕೇಳಬಹುದು.
ಬುಡನ್ ಸಾಬ್ ಇಸ್ತ್ರಿ ಅಂಗಿ ತೊಟ್ಟು
ಮುನಿಸಿಪಾಲಿಟಿ ಪಾರ್ಕಿಗೆ ಹೋದ.
ಅವನ ಕಿರುಬೆರಳು ನನ್ನ ಕೈಯಲ್ಲಿ.
ಕಂಬದ ಮೇಲೆ ತಗಡಿನ ಸ್ಪೀಕರು, ಕೆಳಗೆ ಹಮಾಲರು,
ಮಂಡಕ್ಕಿ ಪೊಟ್ಟಣದವರು,
ಪಾಳಿ ಮುಗಿಸಿ ಬಂದ ಬಿಳಿ ಹುಬ್ಬಿನವರು.
ಎಮ್ಮೆ ಬಂತು. ಕೆಮ್ಮು ಬಂತು.
ಪಾರ್ಕು ನಕ್ಕಿತು ನೋಡಿ,
ಮೆಣಸಿನಕಾಯಿ ಬಜ್ಜಿ ಬಾಣಲೆಗೆ ಬಿದ್ದ ಹಾಗೆ!
ಅವನು ನಗಲಿಲ್ಲ. ತೊಡೆಯ ಮೇಲೆ ಬೆರಳಾಡುತ್ತಿತ್ತು,
ಮೂರು, ನಾಲ್ಕು, ಐದು.
ಕಂಬದ ಮೇಲಿನ ಕೊಟ್ರ ಆಗಲೇ ಮುಂದಿನ ಮಾತಿಗೆ ಹೋಗಿದ್ದ,
ನಗುವಿನಲ್ಲಿ ಅದು ಯಾರಿಗೂ ಕೇಳಲಿಲ್ಲ.
‘ಅಯ್ಯ, ಎರಡಕ್ಕ ಬಿಟ್ಟೆನಲ್ಲೋ’ ಅಂದ.

ಅಷ್ಟರಲ್ಲಿ ನಿಜವಾದದ್ದೇ ಬಂತು,
ಕಲ್ಲುಬೆಂಚು ಅಲುಗುವಂಥದ್ದು.
ಮುಂದಿದ್ದ ಹಮಾಲ ತಿರುಗಿದ:
‘ಲೇ, ಇಲ್ಲೊಬ್ಬ ಕೊಟ್ರ ಅದಾನ ನೋಡ್ರೋ!’
ಇನ್ನೊಬ್ಬ ಬೀಡಿ ಕಚ್ಚಿಕೊಂಡೇ ತೀರ್ಪು ಕೊಟ್ಟ:
‘ಅವ ಎಲ್ಲಿ, ಇವ ಎಲ್ಲಿ. ಕೆಮ್ಮಾಕೂ ಕಲೆ ಬೇಕಪಾ.’
ಬುಡನ್ ಸಾಬ್ ಕಣ್ಣೊರೆಸಿಕೊಂಡು,
‘ಹೌದ್ರೀ, ಇನ್ನೂ ಕಲಿಯಾಕ ಹತ್ತೀನಿ’ ಅಂದ.
ನಕ್ಕರು. ಅವನ ಮುಖ ನೋಡಿಕೊಂಡೇ ನಕ್ಕರು.
ಮನೆವರೆಗೂ ಅವನದು ಒಂದೇ ಲೆಕ್ಕ:
ಆ ಮಾತಿಗೆ ಐದು, ಈ ಮಾತಿಗೆ ಏಳು.

ಟೇಪು ದುಬಾರಿ. ಅವನು ತೀರಿಕೊಂಡ ವರ್ಷವೇ
ಅವನ ಬುಧವಾರಗಳನ್ನು ಅಳಿಸಿ
ಪೇಟೆ ಧಾರಣೆ ತುಂಬಿದರೆಂದು ಸುದ್ದಿ.
ಸಂಜೆ ಸಂಜೆ ಕಿವಿಗೊಟ್ಟು ಕೂರುತ್ತಿದ್ದೆ:
ಶೇಂಗಾ, ಮೆಕ್ಕೆಜೋಳ, ಬ್ಯಾಡಗಿ ಮೆಣಸಿನಕಾಯಿ,
ಹತ್ತಿ ಜಯಧರ, ಕ್ವಿಂಟಾಲಿಗೆ...
‘ಅಳಿಸಿದ ಮೇಲೆ ಏನೂ ಉಳಿಯಲ್ಲ ಕಣೋ,
ಹೋಗಿ ಓದ್ಕೋ’ ಅನ್ನುವನು ಅಪ್ಪ.
ಹತ್ತಿಯ ರೇಟು ಬಂದಾಗ ಮಾತ್ರ
ಅವನ ಬೆಸುಗೆ ಕಡ್ಡಿಯೂ ಎರಡೆಣಿಸುವಷ್ಟು ನಿಲ್ಲುತ್ತಿತ್ತು.